ಹಳೆಯ ಕಾಗದ, ಹೊಸ ಚುನಾವಣೆ

ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸರು 1800ರ ಚುನಾವಣೆಯಲ್ಲಿ ಹಳೆಯ ಗೆಳೆಯ ಥಾಮಸ್ ಜೆಫರ್ಸನರಿಗೆ ಸೋತರು. ಮುಂದೆ ಸುಮಾರು 11 ವರ್ಷ ಇಬ್ಬರೊಳಗೆ ಕಾಗದವಿಲ್ಲ. ಆ ಮುನಿಸಿನಲ್ಲಿ ಆಡಮ್ಸರು ಬಂಧು ಕನ್ನಿಂಗ್‌ಹ್ಯಾಮರಿಗೆ ಬರೆದ ಖಾಸಗಿ ಪತ್ರಗಳಲ್ಲಿ ಜೆಫರ್ಸನರನ್ನು ಚೆನ್ನಾಗಿಯೇ ಜಾಡಿಸಿದ್ದರು.

1812ರ ಹೊಸವರ್ಷದ ದಿನ ಆಡಮ್ಸರೇ ಕಾಗದ ಬರೆದರು. ಸ್ನೇಹ ಮತ್ತೆ ಚಿಗುರಿತು. 1823ರಲ್ಲಿ ಕನ್ನಿಂಗ್‌ಹ್ಯಾಮರ ಮಗ ಆ ಹಳೆಯ ಪತ್ರಗಳನ್ನು ಅಚ್ಚು ಹಾಕಿಸಿದ. ಆಡಮ್ಸರ ಮಗ ಜಾನ್ ಕ್ವಿನ್ಸಿ ಮರುವರ್ಷದ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ. ಹೂಟವೇನೆಂದು ಬೇರೆ ಹೇಳಬೇಕೇ?

ಎಂಬತ್ತರ ಜೆಫರ್ಸನರು ಕೆರಳಲಿಲ್ಲ. ನಮ್ಮ ಸ್ನೇಹ ಕೆಡಿಸುವ ದುಷ್ಟ ಯತ್ನವಿದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತಾವಾಗಿಯೇ ಬರೆದರು. ಆಡಮ್ಸರ ಮನೆಯಲ್ಲಿ ಆ ಕಾಗದವನ್ನು ಬೆಳಗ್ಗಿನ ಉಪಾಹಾರದ ಹೊತ್ತು ಎಲ್ಲರೆದುರು ಓದಿದರು. ಜಾನ್ ಕ್ವಿನ್ಸಿ 1825ರಲ್ಲಿ ಗೆದ್ದಾಗ ತಂದೆಗೆ ಅಭಿನಂದನೆ ಬರೆದವರಲ್ಲಿ ಜೆಫರ್ಸನರೂ ಇದ್ದರು.