ನೆರೆಮನೆಯನ್ನೂ ಕಾಯುವ ಸೊಳ್ಳೆ ಪರದೆ

ಕೆನ್ಯಾದ ಪಶ್ಚಿಮ ಭಾಗದಲ್ಲಿ, ವಿಕ್ಟೋರಿಯಾ ಸರೋವರದ ದಡಕ್ಕೆ ಅಸೆಂಬೊ ಎಂಬ ಸೀಮೆಯಿದೆ. 1990ರ ದಶಕದ ಕೊನೆಗೆ ಅಲ್ಲಿನ ಕೆಲವು ಹಳ್ಳಿಗಳಿಗೆ ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆ ಕೊಟ್ಟು, ಉಳಿದವಕ್ಕೆ ಕೊಡದೆ, ಮಲೇರಿಯಾ ಏನಾಗುತ್ತದೆಂದು ಸಂಶೋಧಕರು ನೋಡಿದರು. ಪರದೆ ಕಟ್ಟಿದ ಹಳ್ಳಿಗಳಲ್ಲಿ ಮಕ್ಕಳ ಸಾವು ಇಳಿಯಿತು. ಅದಕ್ಕಿಂತ ಬೆರಗಿನ ಸಂಗತಿ ಎಂದರೆ, ಆ ಹಳ್ಳಿಗಳಿಂದ 300 ಮೀಟರ್ ಒಳಗಿದ್ದ, ಪರದೆಯೇ ಇಲ್ಲದ ಮನೆಗಳ ಮಕ್ಕಳಿಗೂ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಸಿಕ್ಕಿತ್ತು. ಕಾರಣ ಸೊಳ್ಳೆಯ ಆಯುಷ್ಯದಲ್ಲಿದೆ. ರೋಗಿಯ ರಕ್ತ ಹೀರಿದ ಅನಾಫಿಲಿಸ್ ಸೊಳ್ಳೆ ಕೂಡಲೇ ಮಲೇರಿಯಾ ಹರಡಲಾರದು. ರೋಗಾಣು ಅದರ ಮೈಯಲ್ಲಿ ಬಲಿಯಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಎರಡು ಮೂರು ದಿನಕ್ಕೊಮ್ಮೆ ಅದು ಮತ್ತೆ ರಕ್ತಕ್ಕೆ ಬರಲೇಬೇಕು. ಬಂದಾಗಲೆಲ್ಲ ಪರದೆಯ ಔಷಧ ತಗುಲಿದರೆ, ಕೇಡು ಮಾಡುವ ವಯಸ್ಸು ಮುಟ್ಟುವ ಮೊದಲೇ ಹೆಚ್ಚಿನವು ಸಾಯುತ್ತವೆ. ಹಾಗಾಗಿ ಈ ಪರದೆಯನ್ನು ಒಬ್ಬೊಬ್ಬರ ಮನೆಯ ಸಾಮಾನೆಂದು ನೋಡಬಾರದು. ಊರ ಕೆರೆಯ ಹಾಗೆ ಅದು ಎಲ್ಲರ ಸೊತ್ತು, ಪುಕ್ಕಟೆ ಹಂಚಬೇಕಾದದ್ದು.

ಪುಕ್ಕಟೆ ಕೊಟ್ಟದ್ದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂಬ ಆಕ್ಷೇಪ ಹಳೆಯದು. ಸಂಶೋಧಕಿಯರಾದ ಜೆಸ್ಸಿಕಾ ಕೊಹೆನ್ ಮತ್ತು ಪಾಸ್ಕಲಿನ್ ದ್ಯುಪಾ ಅದನ್ನು ಕೆನ್ಯಾದಲ್ಲೇ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಸುರಿಯರಿಗೆ ಕೆಲವು ಆರೋಗ್ಯ ಕೇಂದ್ರಗಳಲ್ಲಿ ಪರದೆ ಉಚಿತ, ಇನ್ನು ಕೆಲವೆಡೆ ಅಲ್ಪ ಬೆಲೆ. ಬೆಲೆ ಬರೀ 40 ಶಿಲಿಂಗಿಗೆ ಏರಿದಾಗ ನೂರರಲ್ಲಿ ಸುಮಾರು 60 ಮಂದಿ ಹಿಂದೆ ಸರಿದರು. ಪುಕ್ಕಟೆ ಪಡೆದವರು ಕೊಂಡವರಿಗಿಂತ ಕಡಿಮೆ ಬಳಸಿದರು ಎನ್ನಲು ಆಧಾರ ಸಿಗಲಿಲ್ಲ.

ಜನರಿಗೆ ಅರಿವಿಲ್ಲ ಎನ್ನುವವರು ಸರೋವರದ ದಡದಲ್ಲಿ ಪರದೆಯ ಮೇಲೆ ಮೀನು ಒಣಗಿಸುವುದನ್ನು ತೋರಿಸುತ್ತಾರೆ. ಅದು ಸುಳ್ಳಲ್ಲ. ಓಮೆನಾ ಎಂಬ ಸಣ್ಣ ಮೀನು ಅದರ ಮೇಲೆ ಬೇಗ ಒಣಗುತ್ತದೆ, ಮೀನೇ ಆ ಮನೆಗಳ ಸಂಪಾದನೆ. ಒಣಗಿಸಲು ಬೇರೆ ಬಲೆ ಒದಗಿಸದೆ ಬರೀ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಐದು ಮಂದಿಯ ಮನೆಗೆ ಒಂದೇ ಪರದೆ ಕೊಟ್ಟು, ಅದರ ಹೊರಗೆ ಮಲಗಿದವರನ್ನು ಅಜ್ಞಾನಿಗಳೆಂದು ಲೆಕ್ಕ ಹಾಕುವುದು ಅನ್ಯಾಯ. ಪೈರಿಥ್ರಾಯ್ಡ್‌ ಎಂಬ ಪರದೆಯ ಔಷಧಕ್ಕೆ ಸೊಳ್ಳೆಗಳು ಒಗ್ಗಿಕೊಳ್ಳುತ್ತಿವೆ ಎಂಬ ಆತಂಕ ಮಾತ್ರ ನಿಜವಾದದ್ದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕ್ಲೋರ್‌ಫೆನಪಿರ್ ಎಂಬ ಇನ್ನೊಂದು ಕೀಟನಾಶಕ ಬೆರೆಸಿದ ಹೊಸ ಪರದೆಗಳನ್ನು ಶಿಫಾರಸು ಮಾಡಿತು. ಅವನ್ನಾದರೂ ಬೆಲೆ ಕಟ್ಟದೆ, ಇಬ್ಬರಿಗೆ ಒಂದರಂತೆ ಹಂಚಲಿ. ಹರಿದಾಗ ಬದಲಿಸಿ ಕೊಡಲಿ. ಅರಿವಿನ ಭಿತ್ತಿಪತ್ರ ಆಮೇಲೆ ಅಂಟಿಸಬಹುದು.