ಬ್ರಿಟನ್ ಪ್ಲಗ್ ಸೇಫ್, ನಮ್ಮದು ಡೇಂಜರ್: ಈ ಫಾರ್ವರ್ಡ್ ಎಷ್ಟು ನಿಜ?

‘ಬ್ರಿಟನ್ನಿನ ಪ್ಲಗ್ ಜಗತ್ತಿನಲ್ಲೇ ಸುರಕ್ಷಿತ, ಭಾರತದ್ದು ಅಪಾಯಕಾರಿ’ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧ ನಿಜ ಅಷ್ಟೇ.

1947ರ ಮಾನದಂಡದ ಬ್ರಿಟಿಷ್ ಪ್ಲಗ್‌ನೊಳಗೇ ಫ್ಯೂಸ್ ಇದೆ, ಒಳ್ಳೆಯದೇ. ಆದರೆ ಅದು ವೈರ್ ಸುಡದಂತೆ ತಡೆಯುತ್ತದೆ. ಶಾಕ್ ಹೊಡೆಯದಂತೆ ಅಲ್ಲ. ಆ ಕೆಲಸ ಹೆಚ್ಚಾಗಿ ಮೂರನೇ ಪಿನ್ನಿನದು. ಅದು ನಮ್ಮ ಪ್ಲಗ್‌ನಲ್ಲೂ ಇದೆ. ನಮ್ಮ ದುಂಡು ಪಿನ್ನಿನ ಪ್ಲಗ್ ಕೂಡ ಹಳೆಯ ಬ್ರಿಟಿಷ್ ಮಾದರಿಯೇ!

ಈ ಅರ್ಥ್ ಪಿನ್ ಉದ್ದ ಏಕೆ? ಕರೆಂಟ್ ಬರುವ ಮೊದಲೇ ಅರ್ಥಿಂಗ್ ಸಿಗಲಿ ಎಂದು. ದಪ್ಪ ಏಕೆ? ತಪ್ಪಿ ಬೇರೆ ತೂತಿಗೆ ಹೋಗದಿರಲಿ ಎಂದು. ಹಲವು ಸಾಕೆಟ್‌ಗಳಲ್ಲಿ ಇದು ಒಳಹೋದರಷ್ಟೇ ಉಳಿದೆರಡು ತೂತುಗಳ ಶಟರ್ ತೆರೆಯುತ್ತದೆ. ಮಕ್ಕಳು ಕಡ್ಡಿ, ಪಿನ್ನು ತೂರಿಸದಿರಲಿ ಎಂದೇ ಈ ಏರ್ಪಾಡು. ನಾವೋ, ಎರಡು ಪಿನ್ನಿನ ಚಾರ್ಜರ್ ಹಾಕಲು ಮೇಲಿನ ತೂತಿಗೆ ಪೆನ್ನು ಚುಚ್ಚುತ್ತೇವೆ. ಪಕ್ಕದಲ್ಲಿ ನಿಂತ ಮಗು ಅದನ್ನು ನೋಡಿ ಕಲಿಯುತ್ತದೆ.

ಹಾಗಾದರೆ ಚಾರ್ಜರ್‌ಗೆ ಅರ್ಥ್ ಬೇಡವೇ? ಬೇಡ. ಅದರ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಎರಡು ಪಟ್ಟು ಇನ್ಸುಲೇಶನ್ ಇದೆ ಎಂದರ್ಥ. ಗೀಸರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆಯಂಥ ಲೋಹದ ಮೈಯವುಗಳಿಗೆ ಮಾತ್ರ ಬೇಕೇ ಬೇಕು. ಅವುಗಳ ಮೂರನೇ ಪಿನ್ ಕತ್ತರಿಸಬೇಡಿ, ಎರಡು ಪಿನ್ನಿನ ಅಡಾಪ್ಟರ್‌ಗೂ ಸಿಕ್ಕಿಸಬೇಡಿ.

ನಿಜವಾದ ಅಪಾಯ ಗೋಡೆಯೊಳಗಿದೆ. ಸಾಕೆಟ್‌ನಲ್ಲಿ ಮೂರು ತೂತಿದ್ದು, ಹಿಂದೆ ಅರ್ಥ್ ವೈರೇ ಇಲ್ಲದಿದ್ದರೆ ಬ್ರಿಟಿಷ್ ಪ್ಲಗ್ ಹಾಕಿದರೂ ಅಷ್ಟೇ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಪರೀಕ್ಷಿಸಲು ಹೇಳಿ. ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ.