ಕೋಡಂಗಿ ಮೀನಿಗೆ ಕಾಯಿಲೆಯೆ? ಮೊದಲು ನೀರನ್ನು ಪರೀಕ್ಷಿಸಿ

ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಗಳಿರುವ ಕೋಡಂಗಿ ಮೀನನ್ನು 2003ರಲ್ಲಿ ಬಂದ ‘ಫೈಂಡಿಂಗ್ ನೀಮೊ’ ಚಲನಚಿತ್ರದಲ್ಲಿ ನೀವು ನೋಡಿರಬಹುದು. ಮನೆಗಳಲ್ಲಿ ಹೆಚ್ಚಾಗಿ ಸಾಕುವ ಪ್ರಭೇದದ ಹೆಸರು ಆಂಫಿಪ್ರಿಯಾನ್ ಒಸೆಲ್ಲಾರಿಸ್. ಹವಳಗಳಿರುವ ಉಪ್ಪುನೀರಿನ ತೊಟ್ಟಿಯಲ್ಲಿ ಈ ಮೀನು ಆಹಾರ ಮುಟ್ಟದೆ, ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿದ್ದರೆ ಏನು ಮಾಡಬೇಕು? ಔಷಧಿ ತಂದು ತೊಟ್ಟಿಗೆ ಸುರಿಯುವುದಂತೂ ಅಲ್ಲ.

ನೀರು ಹೇಳುವುದೇನು?

ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣತೆ ಲೀಟರಿಗೆ ಸುಮಾರು 35 ಗ್ರಾಂ, ಪಿಹೆಚ್ 8.1ರಿಂದ 8.4 ಇರಬೇಕು. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಯಾಗಿರಬೇಕು. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಅಯಾನು ರೂಪ ಅಷ್ಟು ಅಪಾಯಕಾರಿಯಲ್ಲ. ಅಯಾನಾಗದ ರೂಪ ಕಿವಿರುಗಳ ಮೂಲಕ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಪಿಹೆಚ್ 7ಕ್ಕೆ ಹೋಲಿಸಿದರೆ 8.2ರಲ್ಲಿ ಈ ವಿಷಕಾರಿ ರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಉಪ್ಪುನೀರಿನಲ್ಲಿ ಅಲ್ಪ ಅಮೋನಿಯವೂ ಅಪಾಯ. ಅದು ಕಂಡುಬಂದರೆ ಕಾಲು ಭಾಗದಷ್ಟು ನೀರನ್ನು ಬದಲಿಸಿ, ಗಾಳಿ ಹಾಯಿಸುವುದನ್ನು ಹೆಚ್ಚಿಸಿ.

ಆವಿಯಾದ ನೀರಿಗೆ ಬದಲಾಗಿ ಶುದ್ಧ ಸಿಹಿನೀರನ್ನೇ ಸೇರಿಸಬೇಕು. ಏಕೆಂದರೆ ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ.

ಮೈ ಹೇಳುವುದೇನು?

ನೀರು ಸರಿಯಿದ್ದರೆ ಮೀನಿನ ಮೈಯನ್ನು ಗಮನಿಸಿ.

1. ಎಣಿಸಬಹುದಾದ, ಉಪ್ಪಿನ ಹರಳಿನಂಥ ಚುಕ್ಕೆಗಳು: ಕ್ರಿಪ್ಟೊಕ್ಯಾರಿಯಾನ್ ಎಂಬ ಲೋಮಾಂಗ ಜೀವಿ ಕಾರಣ. ಚುಕ್ಕೆ ಮಾಯವಾದರೆ ರೋಗ ವಾಸಿಯಾಯಿತೆಂದಲ್ಲ. ಜೀವಿ ಮೀನಿನಿಂದ ಉದುರಿ, ತಳದಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಮರಳುತ್ತದೆ.

2. ಮೈಮೇಲೆ ನವಿರಾದ ಹಿಟ್ಟು ಉದುರಿಸಿದಂತಿದ್ದು, ಉಸಿರಾಟ ತೀವ್ರವಾಗಿದ್ದರೆ: ಅಮೈಲೊಡಿನಿಯಮ್. ಇದು ಮುಖ್ಯವಾಗಿ ಕಿವಿರುಗಳನ್ನು ಕಾಡುತ್ತದೆ.

3. ಬಿಳಿಚಿದ ಲೋಳೆಯ ತೇಪೆಗಳು, ಸುಲಿಯುವ ಚರ್ಮ: ಬ್ರುಕ್ಲಿನೆಲ್ಲ. ಕೋಡಂಗಿ ಮೀನುಗಳನ್ನು ವಿಶೇಷವಾಗಿ ಕಾಡುವುದರಿಂದ ‘ಕೋಡಂಗಿ ಮೀನಿನ ರೋಗ’ ಎಂದೇ ಪ್ರಸಿದ್ಧ. ಇದು ಮೀನಿನ ಮೈಮೇಲೆಯೇ ಇಬ್ಭಾಗವಾಗುತ್ತ ಹೆಚ್ಚುವುದರಿಂದ ಕೆಲವೇ ದಿನಗಳಲ್ಲಿ ಸಾವು ಬರಬಹುದು. ಕಡಲ ಮೀನಿನ ದೇಹದ್ರವ ಸಮುದ್ರದ ನೀರಿಗಿಂತ ಕಡಿಮೆ ಉಪ್ಪಿನದು. ಚರ್ಮ ಹಾಳಾದರೆ ಮೈಯ ನೀರು ಹೊರಗೆ ಸೋರುತ್ತದೆ. ನೀರಿನ ನಡುವೆಯೇ ಮೀನು ಒಣಗುತ್ತದೆ!

4. ರೆಕ್ಕೆಯ ಮೇಲೆ ಹೂಕೋಸಿನಂಥ ಗಂಟು: ವೈರಸ್ಸಿನಿಂದ ಬರುವ ಲಿಂಫೊಸಿಸ್ಟಿಸ್. ಇದಕ್ಕೆ ಔಷಧಿ ಬೇಡ. ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ.

ದೊಡ್ಡ ಮೀನಿನ ಮುಂದೆ ಚಿಕ್ಕದು ಮೈ ನಡುಗಿಸುವುದು ರೋಗವಲ್ಲ. ಅದು ಶರಣಾಗತಿಯ ಸೂಚನೆ.

ಚಿಕಿತ್ಸೆ ಎಲ್ಲಿ?

ಮೊದಲ ಎರಡು ರೋಗಗಳಿಗೆ ತಾಮ್ರದ ಔಷಧಿ ಪರಿಣಾಮಕಾರಿ. ಬ್ರುಕ್ಲಿನೆಲ್ಲಕ್ಕೆ ಅದನ್ನು ನಂಬುವಂತಿಲ್ಲ, ಫಾರ್ಮಲಿನ್ ಬೇಕಾಗುತ್ತದೆ. ರೋಗ ಗುರುತಿಸುವುದರಲ್ಲಿ ತಪ್ಪಿದರೆ ಕಳೆದುಹೋಗುವುದು ಬದುಕಿಸಬಹುದಾದ ದಿನಗಳೇ. ಇನ್ನು ತಾಮ್ರ ಹವಳ, ಸೀಗಡಿ, ಶಂಖದ ಹುಳುಗಳಿಗೆ ಮಾರಕ. ಸುಣ್ಣದ ಕಲ್ಲು, ಮರಳು ಅದನ್ನು ಹೀರಿಕೊಳ್ಳುವುದರಿಂದ ಮೀನಿಗೆ ದೊರೆಯುವ ಪ್ರಮಾಣವೂ ನಿಶ್ಚಿತವಲ್ಲ. ಆದ್ದರಿಂದ ಕಲ್ಲು, ಮರಳಿಲ್ಲದ ಪ್ರತ್ಯೇಕ ತೊಟ್ಟಿಯಲ್ಲೇ ಚಿಕಿತ್ಸೆ ನಡೆಯಬೇಕು. ತಾಮ್ರದ ಮಟ್ಟವನ್ನು ದಿನವೂ ಅಳೆಯಬೇಕು. ಫಾರ್ಮಲಿನ್ ಮನುಷ್ಯರಿಗೂ ಅಪಾಯಕಾರಿ. ಮಕ್ಕಳ ಕೈಗೆ ಕೊಡಬೇಡಿ. ಅದು ನೀರಿನ ಆಮ್ಲಜನಕವನ್ನು ಕುಗ್ಗಿಸುವುದರಿಂದ ಗಾಳಿ ಹಾಯಿಸುತ್ತಲೇ ಇರಬೇಕು.

ಬಿಳಿಚುಕ್ಕೆ ರೋಗವಾದರೆ ಎಲ್ಲ ಮೀನುಗಳನ್ನೂ ಹೊರತೆಗೆದು, ಹವಳದ ತೊಟ್ಟಿಯನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು. ಆತಿಥೇಯ ಸಿಗದೆ ಪರೋಪಜೀವಿ ಅಳಿಯುತ್ತದೆ, ಹವಳಗಳಿಗೆ ತೊಂದರೆಯಿಲ್ಲ.

ಹೊಸ ಮೀನನ್ನು ನಾಲ್ಕು ವಾರ ಬೇರೆಯಾಗಿಟ್ಟು ಗಮನಿಸಿದರೆ ಈ ಪ್ರಯಾಸವೆಲ್ಲ ಬಹುಮಟ್ಟಿಗೆ ತಪ್ಪುತ್ತದೆ. ಶಾಲೆಯಲ್ಲಿ ತೊಟ್ಟಿಯಿದ್ದರೆ ನೀರಿನ ಅಳತೆಗಳನ್ನೂ ಮೀನಿನ ವರ್ತನೆಯನ್ನೂ ವಿದ್ಯಾರ್ಥಿಗಳಿಂದ ಬರೆಸಿಡಿ. ಕಾಯಿಲೆ ಬಂದ ದಿನ ಮೊದಲು ತೆರೆಯಬೇಕಾದುದು ಔಷಧಿಯ ಸೀಸೆಯನ್ನಲ್ಲ, ಆ ಪುಸ್ತಕವನ್ನು.